ಬಾಣಂತಿ ಕೋಣೆಯಲ್ಲಿದ್ದ ಬಲೂನಿನ ಪೆಟ್ಟಿಗೆ

ಸ್ವಾತಂತ್ರ್ಯ ಬಂದ ವರ್ಷ. ಒಂದು ದಿನ ಎಂದಿನಂತೆ ಕೊಟ್ಟಿಗೆ ಬಳಿದೆ, ರಾಗಿ ಬೀಸಿದೆ, ಬಟ್ಟೆ ಒಗೆದೆ. ಸಂಜೆಗೆ ಬೆಂಗಳೂರಿನ ತರುಣನೊಬ್ಬ ಹನಕೆರೆಯಲ್ಲಿ ರೈಲಿಳಿದು ನಮ್ಮ ಮನೆಗೆ ಬಂದ. ಅವನು ಬಲೂನಿಗೆ ಕಟ್ಟಿ ಹಾರಿಬಿಟ್ಟಿದ್ದ ಪೆಟ್ಟಿಗೆ ನಮ್ಮ ಕಬ್ಬಿನ ಗದ್ದೆಗೆ ಬಿದ್ದಿತ್ತು. ಒಳಗಿನ ಫೋಟೋ ಗಾಜಿನ ಮೇಲೆ ಆಕಾಶದಾಚೆಯ ಕಣಗಳು ಗೆರೆ ಎಳೆದಿರುತ್ತವಂತೆ. ಗೆರೆಯ ದಪ್ಪ ನೋಡಿ ಯಾವ ಕಣವೆಂದು ಗುರುತಿಸುತ್ತಾರಂತೆ.

“ಬಿಚ್ಚಿದಿರಾ? ಬೆಳಕು ತಾಗಿದ್ದರೆ ವರ್ಷದ ಕೆಲಸವೆಲ್ಲ ಹಾಳು,” ಎಂದ.

“ನನ್ ಮಗ ಬಿಚ್ತೀನಿ ಅಂತ ಕತ್ತಿ ತಂದಿದ್ದ, ಉಗುದು ಕಳಿಸ್ದೆ,” ಎಂದರು ನಮ್ಮತ್ತೆ. “ಮುಗ್ಲಿಂದ ಇಳ್ದಿದ್ದು ಕೂಸಿದ್ದಂಗೆ ಕಣಪ್ಪ. ದೃಷ್ಟಿಯಾಗ್ಬಾರ್ದು ಅಂತ ಬಾಣಂತಿ ಕೋಣೆ ಕತ್ಲೇಲಿ ಕಂಬಳಿ ಸುತ್ತಿ ಮಡಗಿವ್ನಿ.”

ಹೊರಗೆ ತಂದ ಪೆಟ್ಟಿಗೆಯ ಮುಚ್ಚಳದ ಮುದ್ರೆ ಒಡೆದಿಲ್ಲವೆಂದು ಅವನು ಸವರಿ ನೋಡಿ, ಅಲ್ಲೇ ಕುಸಿದು ಕೂತು ನಕ್ಕ. ಮುದ್ದೆ, ಬಸ್ಸಾರು ಉಂಡು, ಪೆಟ್ಟಿಗೆಯನ್ನು ಮಗ್ಗುಲಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ನಿದ್ದೆಹೋದ.