ಮೊದಲು ಚೆನ್ನಾಗಿರುವ ಮೀನು

ನಮ್ಮ ಯಜಮಾನರು ಮೀನಿನ ರೋಗ ನೋಡುವವರು. ಅಂಥವರನ್ನು ದೂರದಿಂದಲೇ ಗುರುತಿಸಬಹುದು, ಬೆಕ್ಕುಗಳು ಹಿಂದೆ ಬರುತ್ತಿರುತ್ತವೆ. ಅವರ ಕೋಣೆಯ ಗಾಜಿನ ತಟ್ಟೆಗಳಲ್ಲಿ ಮೀನಿಂದ ತೆಗೆದ ಸೂಕ್ಷ್ಮ ಕ್ರಿಮಿಗಳು ಚುಕ್ಕಿಚುಕ್ಕಿಯಾಗಿ ಬೆಳೆಯುತ್ತಿದ್ದವು, ಹಳದಿ, ಹಸಿರು, ಮುತ್ತಿನ ಬಣ್ಣ. ಬಣ್ಣ ನೋಡಿ, ಬೆಳೆದ ರೀತಿ ನೋಡಿ ಒಂದೊಂದನ್ನೂ ಗುರುತು ಹಿಡಿಯುತ್ತಿದ್ದರು; ನೆಂಟರ ಹೆಸರು ಮಾತ್ರ ನೆನಪಿರುತ್ತಿರಲಿಲ್ಲ. ಒಮ್ಮೆ ಕಿಟಕಿ ಮುಚ್ಚಿ ಒಂದು ತಟ್ಟೆ ತೋರಿಸಿದರು. ಕತ್ತಲಲ್ಲಿ ಅದು ನೀಲಿಯಾಗಿ ಹೊಳೆಯಿತು, ನೀರೊಳಗೆ ಬೆಳದಿಂಗಳು ಇಳಿದ ಹಾಗೆ. "ರೋಗದ ಮೀನಿಂದಾ?" ಎಂದೆ. "ಚೆನ್ನಾಗಿರೋದ್ರಲ್ಲೂ ಇರುತ್ತೆ ಕಣೇ. ಮೀನು ಯಾವಾಗ ಸೊರಗುತ್ತೋ ಅಂತ ಹೊಂಚು ಹಾಕ್ತಿರುತ್ತೆ." "ಥೇಟ್ ನಿಮ್ಮಕ್ಕ!" ಎಂದೆ. ನಕ್ಕು ನಕ್ಕು ಕೆಮ್ಮಿದರು. ಕೆಲಸದಲ್ಲಿ ಅವರದು ಒಂದೇ ಹಟ: ಮೊದಲು ಚೆನ್ನಾಗಿರುವ ಮೀನು ಮುಟ್ಟಬೇಕು, ಆಮೇಲೆ ರೋಗದ್ದು. ಇಲ್ಲದಿದ್ದರೆ ನಮ್ಮ ಕೈಯೇ ರೋಗ ದಾಟಿಸುತ್ತದೆ. ಕೊನೆಗೆ ಆ ಕೆಮ್ಮೇ ಅವರನ್ನು ಮಲಗಿಸಿತು. ಇದು ಹರಡುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ನೀರಿಗೆ, ಸ್ನಾನಕ್ಕೆ, ಊಟಕ್ಕೆ, ಎಲ್ಲಕ್ಕೂ "ಮೊದಲು ನೀನು" ಎನ್ನುತ್ತಿದ್ದರು. ನಾನು ಉಂಡು ಏಳುವವರೆಗೆ ತಟ್ಟೆ ಮುಟ್ಟುತ್ತಿರಲಿಲ್ಲ. ಅವರು ಹೋದ ಮೇಲೆ, ಈಗಲೂ ಮೊದಲು ನಾನೇ ಉಣ್ಣುತ್ತೇನೆ. ಕೈ ತೊಳೆದು ಸುಮ್ಮನೆ ಕೂರುತ್ತೇನೆ, ಇನ್ನು ಅವರ ಸರದಿ.