ಕೂಸಿನ ಎಣ್ಣೆ ಕುಡಿದ ಕಾರು

ಅಣ್ಣ ಬಾಣಂತಿ ಕೋಣೆಯ ಹೊಸ್ತಿಲಾಚೆಯೇ ನಿಂತು, “ಆಯಿ, ಆ ಔಡಲ ಎಣ್ಣಿ ನನಗ ಬೇಕು,” ಅಂದ.

“ಯಾಕೋ, ನೀನೂ ಹಡದಿ ಏನು?” ಅಂದಳು ಅಜ್ಜಿ.

ನನ್ನ ಮಗಳು ಹುಟ್ಟಿ ಹನ್ನೊಂದು ದಿನವಾಗಿತ್ತು. ಇಚಲಕರಂಜಿಯ ನಮ್ಮ ಹಿತ್ತಲ ತಗಡಿನ ಶೆಡ್ಡಿನಲ್ಲಿ ಅಣ್ಣ ಮತ್ತು ಅವನ ಇಬ್ಬರು ಗೆಳೆಯರು ಓಟದ ಕಾರೊಂದನ್ನು ಸಾಕಿಕೊಂಡು, ಪಂದ್ಯದ ಬಹುಮಾನದ ಮೇಲೇ ಬದುಕುತ್ತಿದ್ದರು. ಆ ಇಂಜಿನ್ನಿಗೆ ಕೀಲೆಣ್ಣೆಯಾಗಿ ಔಡಲ ಎಣ್ಣೆ, ಅಂದರೆ ಹರಳೆಣ್ಣೆಯೇ ಆಗಬೇಕು. ಎರಡನೇ ಮಹಾಯುದ್ಧ ಶುರುವಾಗಿ ವಿಲಾಯತಿಯಿಂದ ಅದರ ಡಬ್ಬಿ ಬರುವುದು ನಿಂತಿತ್ತು. ಅಂದು ಮಧ್ಯಾಹ್ನ ಕೊಲ್ಲಾಪುರದಲ್ಲಿ ಪಂದ್ಯ. ಈ ಸಲವೂ ಕಾರು ನಡುವೆ ನಿಂತರೆ ಮಾರಿಬಿಡುವುದಾಗಿ ಅದರ ಮಾಲೀಕರು, ಗಡಹಿಂಗ್ಲಜದ ಸಾಹುಕಾರರು, ಹೇಳಿಬಿಟ್ಟಿದ್ದರು.

ಅಜ್ಜಿ ಕೂಸಿನ ನೆತ್ತಿಗೆಂದು ಒಂದು ಬಟ್ಟಲು ಉಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ಅರಿವೆಯಲ್ಲಿ ಸೋಸಿ ಕೊಟ್ಟಳು. “ಕೂಸಿನ ಎಣ್ಣಿ ಐತಿ. ಸಾವಕಾಶ ಓಡಸು,” ಅಂದಳು. ಅದರಲ್ಲಿ ಅಜವಾನ ಕುದಿಸಿದ್ದು ಯಾರಿಗೂ ನೆನಪಾಗಲಿಲ್ಲ.

ಮಧ್ಯಾಹ್ನ ಹೊರಸಿನ ಕೆಳಗಿನ ಕೆಂಡದ ಬಿಸಿಗೆ ನನಗೆ ಜೊಂಪು ಹತ್ತಿತು. ಸಪ್ಪಳವಿಲ್ಲದ ಕಾರೊಂದು ನನ್ನ ಸುತ್ತ, ಕೂಸಿನ ಸುತ್ತ, ಅರಳೆಯ ಮೇಲೆ ಓಡಿದಂತೆ ತಿರುಗುತ್ತಿತ್ತು. ನಾನು ಸುತ್ತು ಎಣಿಸುತ್ತಲೇ ಇದ್ದೆ.

ಸಂಜೆ ಅಣ್ಣ ಮತ್ತೆ ಹೊಸ್ತಿಲಿಗೆ ಬಂದ. “ಸೋತ್ವಿ ಆಯಿ. ಆದ್ರ ಕಡೀತನಕಾ ಓಡೇತಿ. ಕಾರು ಹಾದಲ್ಲೆಲ್ಲಾ ಮಂದಿ ಮೂಗರಳಿಸಿ, ಇಲ್ಲಿ ಯಾರು ಹಡದಾರ ಅಂತ ಕೇಳಾಕತ್ತಿದ್ರು.”

ಸಾಹುಕಾರರು ಕಾರು ಮಾರಲಿಲ್ಲ. ಪೆಟ್ರೋಲು ಸಿಗದಂತಾಗುವವರೆಗೂ ಆ ಮೂವರ ತಂಡ ಓಡಿತು. ನಾನು ಅವರ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿದವಳಲ್ಲ. ಆದರೂ ಒಂದರಲ್ಲಿ ನಾನೂ ಓಡಿದ್ದೇನೆ ಅನ್ನಿಸುತ್ತದೆ.