ತಂತಿ ಹಿಡಿದ ಒದ್ದೆ ಕೈ

ಗಾಳಿಯಲ್ಲಿ ಸದಾಕಾಲ ಸಾವಿರಾರು ದನಿಗಳು ತೇಲುತ್ತಿರುತ್ತವೆ, ಹಿಡಿಯುವವರು ಬೇಕು ಅಷ್ಟೆ. ಈ ಮಹಾಸತ್ಯ ನನಗೆ ಹೊಳೆದದ್ದು ಮೊನ್ನೆ ದೇವದುರ್ಗದ ನಮ್ಮ ಮನೆಯ ಅಟ್ಟದಲ್ಲಿ, ಸತ್ತ ಹಲ್ಲಿಯೊಂದರ ಪಕ್ಕ ಹಸಿರುಗಟ್ಟಿದ ತಾಮ್ರದ ತಂತಿ ಕೈಗೆ ತಾಗಿದಾಗ. ನಮ್ಮ ಹಳೆಯ ರೇಡಿಯೋದ ಏರಿಯಲ್ ಅದು. ಕಂಡೊಡನೆ ಬಾಜೂ ಮನೆಯ ದೊಡ್ಡವ್ವ ನೆನಪಾದಳು...

ದೊಡ್ಡವ್ವ ಬೀಸುವ ಪದ ಹಾಡುತ್ತಿದ್ದಳು. ಒಮ್ಮೆ ರಾಯಚೂರಿನ ರೇಡಿಯೋದವರು ಕರೆಸಿ ಎರಡು ಪದ ಮುದ್ರಿಸಿಕೊಂಡರು. ಒಂದನ್ನು ಪ್ರಸಾರ ಮಾಡುತ್ತೇವೆ ಎಂದರಂತೆ. ಅಂದಿನಿಂದ ಆಕೆಗೆ ಒಂದೇ ಆಸೆ.

"ನನ್ನ ದನಿ ನಾ ಒಳಗಿಂದ ಕೇಳೀನಿ. ಹೊರಗಿಂದ ಕೇಳಿಲ್ಲ ನೋಡು."

ರೇಡಿಯೋ ಇಟ್ಟುಕೊಂಡ ಕಾರಣಕ್ಕೇ ವಿಜ್ಞಾನಿಯಾಗಿದ್ದ ನನ್ನಪ್ಪ ವಿವರಿಸಿದ: "ಯಕ್ಕಾ, ನಿನ್ನ ದನೀನ ಅಲೆ ಮ್ಯಾಲೆ ಕುಂದ್ರಿಸಿ ರಾಯಚೂರಾಗಿನ ಎತ್ತರದ ಕಂಬದಿಂದ ಬಿಡ್ತಾರ. ನಮ್ಮ ತಂತಿ ಆ ಅಲೆ ಹಿಡೀತದ. ರೇಡಿಯೋ ದನಿ ಇಳಿಸಿಕೊಂಡು ದೊಡ್ಡದು ಮಾಡ್ತದ."

"ನಾ ಬಸ್ಸಿಗೆ ರೊಕ್ಕ ಕೊಟ್ಟು ಬಂದೀನಿ. ದನಿ ಪುಕ್ಕಟ ಬರ್ತದೇನ?"

ಪ್ರಸಾರದ ದಿನ ಸಂಜೆ ನಮ್ಮ ಪಡಸಾಲೆ ತುಂಬ ಜನ. ಮಾನ್ವಿಯಿಂದ ದೊಡ್ಡವ್ವನ ಮಗಳೂ ಬಂದಿದ್ದಳು. ರೇಡಿಯೋ ಮಾತ್ರ ಗೊರಗೊರ ಎನ್ನುತ್ತಿತ್ತು. ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದ್ದ ತಂತಿಯನ್ನು ಮಂಗಗಳು ಹರಿದಿದ್ದವು. ಅಪ್ಪ ಓಡಿಹೋಗಿ ತುಂಡಾದ ತುದಿ ಹಿಡಿದ. ದನಿ ಬಾವಿಯೊಳಗಿಂದ ಬಂದಂತೆ ಬಂತು. ಸಾಲಿ ಮಾಸ್ತರರು ಹಿಡಿದರು, ಅಷ್ಟೂ ಬರಲಿಲ್ಲ. ಬಂದವರು ಚಹಾ ಕುಡಿದ ಪಾತ್ರೆಗಳನ್ನು ಹಿತ್ತಲಲ್ಲಿ ತೊಳೆಯುತ್ತಿದ್ದ ದೊಡ್ಡವ್ವ, "ಸರೀರಿ ಮಾಸ್ತರ, ನಾ ನೋಡ್ತೀನಿ" ಎಂದು ಒದ್ದೆ ಕೈಯಲ್ಲೇ ಹಿಡಿದಳು. ರೇಡಿಯೋ ಗಂಟಲು ಸರಿಪಡಿಸಿಕೊಂಡಿತು. ಹಾಡು ಶುರುವಾಯಿತು. ಸಡಗರದಿಂದ ಆಕೆ ತಂತಿ ಬಿಟ್ಟು ಒಳಗೆ ಬಂದಳು. ಮತ್ತೆ ಗೊರಗೊರ.

"ಕೈ ಬಿಡಬ್ಯಾಡಬೇ ಯಕ್ಕಾ!" ಇಡೀ ಪಡಸಾಲೆ ಕೂಗಿತು. ಆಕೆ ಹಿಂದಿರುಗಿ ಓಡಿದಳು.

ಹಾಡು ಮತ್ತೆ ಬಂತು. ಆದರೆ ನಮ್ಮ ರೇಡಿಯೋದ ದನಿ ಅಪ್ಪನ ದನಿಗಿಂತ ಸಣ್ಣದು, ಹಿತ್ತಲನ್ನು ಮುಟ್ಟುತ್ತಿರಲಿಲ್ಲ.

"ಯಾವ ಪದ ಹಾಡಾಕತ್ತೀನಿ ನಾನು?" ಹಿತ್ತಲಿಂದ ದೊಡ್ಡವ್ವ ಕೇಳಿದಳು.

"ತವರುಮನೀದು, ಯವ್ವಾ!" ಎಂದಳು ಮಗಳು.

ಸರಿ, ಆಕೆ ಅಲ್ಲಿಂದಲೇ ದನಿಗೂಡಿಸಿದಳು, ಅರ್ಧ ಸಾಲು ಹಿಂದೆ... ಅಪ್ಪನಿಗೆ ತಾಳ್ಮೆ ತಪ್ಪಿತು.

"ಯಕ್ಕಾ, ಸುಮ್ನಿರಬೇ! ನಿನ್ನ ಹಾಡು ಕೇಳಗೊಡವಲ್ಲಿ!"

ದೊಡ್ಡವ್ವ ಸುಮ್ಮನಾದಳು. ಹಾಡು ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

"ಹ್ಯಾಂಗ ಹಾಡಿದೆ?"

"ಭಾಳ ಛಲೋ" ಎಂದೆವು. ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ದೊಡ್ಡವ್ವ ರೇಡಿಯೋವನ್ನೊಮ್ಮೆ ನೋಡಿ, "ಹೌದಾ..." ಎಂದು ಪಾತ್ರೆಗಳತ್ತ ಹೋದಳು.

ತಂತಿ ಹಿಡಿದವರ ಮೈಯೂ ಏರಿಯಲ್ ಆಗುತ್ತದೆ, ಒಣ ಕೈಗಿಂತ ಒದ್ದೆ ಕೈ ತಂತಿಗೆ ಚೆನ್ನಾಗಿ ಕೂಡುತ್ತದೆಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಯಾರ ಒದ್ದೆ ಕೈಯಾದರೂ ಆಗುತ್ತಿತ್ತು. ಪಡಸಾಲೆಯ ಬಾಗಿಲಲ್ಲೇ ತುಂಬಿದ ಕೊಡವಿತ್ತು. ಅದನ್ನು ಹೇಳೋಣವೆಂದರೆ ಈಗ ಅಪ್ಪನೂ ಇಲ್ಲ, ದೊಡ್ಡವ್ವನೂ ಇಲ್ಲ.

ತಂತಿಯನ್ನು ಒರೆಸಿ, ಸುತ್ತಿ, ಅಲ್ಲೇ ಇಟ್ಟೆ. ಆ ಪದ ಮತ್ತೆ ಪ್ರಸಾರವಾಗಲಿಲ್ಲ. ದೊಡ್ಡವ್ವ ತನ್ನ ದನಿ ಕೇಳಲಿಲ್ಲ.